ಅಡಿಕೆ ಲೆಕ್ಕ, ಆರ್ ಟೇಬಲ್ಲು

ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 100000 ಅಂತ ಟೈಪ್ ಮಾಡಿ ಎಂಟರ್ ಒತ್ತಿ ನೋಡಿ. ಒಂದು ಲಕ್ಷ ಬರುವುದಿಲ್ಲ, 1ಇ+05 ಬರುತ್ತದೆ, ಅಂದರೆ 1ರ ಮುಂದೆ ಐದು ಸೊನ್ನೆ. 123456 ಕೊಟ್ಟರೆ ಮಾತ್ರ ಸರಿಯಾಗಿಯೇ ತೋರಿಸುತ್ತದೆ. ಎರಡು ಬಗೆಯಲ್ಲಿ ಬರೆದು ನೋಡಿ, ಯಾವುದು ಗಿಡ್ಡವೋ ಅದನ್ನು ಹಾಕುವುದು ಅದರ ಪದ್ಧತಿ. 100000ಕ್ಕೆ ಆರು ಅಕ್ಷರ ಬೇಕು, 1ಇ+05ಕ್ಕೆ ಐದೇ ಸಾಕು.

ಆಫೀಸಿನಲ್ಲಿ ದಿನಾ ಆರ್ ಬಳಸುವವಳು ನಾನು. ಹಾಗಾಗಿ ಮನೆಯ ಮಂಡಿ ಚೀಟಿಗಳ ಲೆಕ್ಕವೂ ಅದರಲ್ಲೇ. ಸಾಗರದ ಹತ್ತಿರ ತೋಟ ನೋಡಿಕೊಳ್ಳುವ ಚಿಕ್ಕಪ್ಪ ಈ ಅಂಕಿ ನೋಡಿ, "ಇದೆಂತದೇ ಕೂಸೆ? ಮಂಡಿಯವರು ಹಿಂಗೆ ಬರೆದುಕೊಟ್ರೆ ನಾನು ದುಡ್ಡು ಎಣಿಸೋದು ಹೆಂಗೆ?" ಅಂದರು. ನ್ಯಾಯವೇ ಅಲ್ವಾ!

ಇದಕ್ಕೆ ಮದ್ದು ಸುಲಭ. ಆಪ್ಷನ್ಸ್‌ನಲ್ಲಿ ಸೈಪೆನ್ ಎಂಬ ಸೆಟ್ಟಿಂಗನ್ನು 999 ಮಾಡಿದರೆ ಸೊನ್ನೆಗಳೆಲ್ಲ ವಾಪಸ್. ಅದನ್ನು ಸ್ಕ್ರಿಪ್ಟಿನ ತಲೆಯಲ್ಲೇ ಬರೆಯಿರಿ. ಆರ್ ಶುರುವಾಗುವಾಗ ಓದುವ ನಿಮ್ಮ ಕಂಪ್ಯೂಟರಿನ ಪ್ರೊಫೈಲ್ ಫೈಲಿನಲ್ಲಿ ಅಡಗಿಸಿಟ್ಟರೆ, ಅದೇ ಕೋಡ್ ಇನ್ನೊಬ್ಬರಲ್ಲಿ ಬೇರೆ ಥರ ಕಾಣುತ್ತದೆ.

ಟಿಬಲ್ ಅಂತ ಆರ್‌ನಲ್ಲಿ ಒಂದು ಬಗೆಯ ಟೇಬಲ್ಲು ಇದೆ, ಅದರದು ಬೇರೆ ತಕರಾರು. 20 ಸಾಲು ದಾಟಿದರೆ ಮೊದಲ 10 ಮಾತ್ರ ತೋರಿಸುತ್ತದೆ, ಪರದೆಯಲ್ಲಿ ಹಿಡಿಸದ ಕಾಲಂಗಳನ್ನು ಬಿಡುತ್ತದೆ. ಪ್ರಿಂಟ್‌ಗೆ ಎನ್ ಮತ್ತು ವಿಡ್ತ್ ಎರಡನ್ನೂ ಇನ್ಫ್ (ಮಿತಿಯೇ ಇಲ್ಲ) ಅಂತ ಕೊಟ್ಟರೆ ರಾಶಿ, ಬೆಟ್ಟೆ, ಸರಕು, ಗೊರಬಲು ಹೀಗೆ ಅಡಿಕೆಯ ಬಗೆಗಳೆಲ್ಲವೂ ಬರುತ್ತವೆ. ತೂಕದ್ದು ಸ್ವಲ್ಪ ಸೂಕ್ಷ್ಮ. 12.475 ಕ್ವಿಂಟಾಲ್ ಅನ್ನು ಅದು 12.5 ಅಂತ ತೋರಿಸುತ್ತದೆ, ಯಾಕೆಂದರೆ ಮೂರೇ ಮುಖ್ಯ ಅಂಕಿ ಅದರ ರೂಢಿ. ಎರಡೂವರೆ ಕೆಜಿ ಅಡಿಕೆ ಜಾಸ್ತಿ ಕಂಡಿತು! ಒಳಗಿನ ಸಂಖ್ಯೆ ಹಾಗೇ ಇರುತ್ತದೆ, ಬದಲಾಗಿದ್ದು ತೋರಿಕೆ ಮಾತ್ರ. ಟಿಬಲ್ ತೋರಿಸುವ ಕೆಲಸ ಪಿಲ್ಲರ್ ಎಂಬ ಪ್ಯಾಕೇಜಿನದು, ಅದರ ಸಿಗ್‌ಫಿಗ್ ಸೆಟ್ಟಿಂಗನ್ನು 5 ಮಾಡಿ.

ನನ್ನನ್ನು ನಿಜಕ್ಕೂ ಸತಾಯಿಸಿದ್ದು ಅಲ್ಪವಿರಾಮ. ಸಂಖ್ಯೆಯನ್ನು ಬರೆದುಕೊಡುವ ಫಾರ್ಮ್ಯಾಟ್‌ನಲ್ಲಿ ಅಲ್ಪವಿರಾಮ ಹಾಕುವ ಬಿಗ್‌ಮಾರ್ಕ್ 1234567 ಅನ್ನು 1,234,567 ಅಂತ ಬರೆಯುತ್ತದೆ. ನಮಗೆ ಬೇಕಾದದ್ದು 12,34,567. ಎಷ್ಟು ಅಂಕಿಗೊಂದು ಅಲ್ಪವಿರಾಮ ಅಂತ ಹೇಳಲು ಬಿಗ್‌ಇಂಟರ್ವಲ್ ಇದೆ, ಆದರೆ ಇಡೀ ಸಂಖ್ಯೆಗೆ ಒಂದೇ ಅಳತೆ. ಹಾಗಾಗಿ ಸಂಖ್ಯೆಯನ್ನೇ ಮುರಿದೆ. ಸಾವಿರದಿಂದ ಭಾಗಿಸಿ ಬಂದ ಭಾಗಕ್ಕೆ ಬಿಗ್‌ಇಂಟರ್ವಲ್ 2, ಉಳಿದ ಶೇಷವನ್ನು ಮೂರಂಕಿಯಾಗಿ ಹಿಂದೆ ಅಂಟಿಸಿದರಾಯ್ತು. ಸಾವಿರಕ್ಕಿಂತ ಕಡಿಮೆ ಇದ್ದರೆ ಹಾಗೇ ಬಿಡಿ, ಇಲ್ಲವಾದರೆ 450 ಹೋಗಿ 0,450 ಆಗುತ್ತದೆ. ಇದೆಲ್ಲ ಕೂಡಿ ಕಳೆದು ಮುಗಿದ ಮೇಲೆ. ಅಲ್ಪವಿರಾಮ ಬಿದ್ದ ಕೂಡಲೇ ಅದು ಬರೀ ಪಠ್ಯ, ಮತ್ತೆ ಕೂಡಿಸಲು ಬರುವುದಿಲ್ಲ.

ಕನ್ನಡದ ಹೆಸರುಗಳು? ವಿಂಡೋಸ್‌ನಲ್ಲಿ 2022ರ ಆರ್ 4.2 ಬರುವವರೆಗೆ ಎಷ್ಟೋ ಸಲ ಅಕ್ಷರದ ಬದಲು ಯೂನಿಕೋಡ್ ಸಂಖ್ಯೆಗಳೇ ಕಾಣುತ್ತಿದ್ದವು. ಈಗ ಅಕ್ಷರ ಬರುತ್ತದೆ, ಆದರೆ ಕನ್ಸೋಲಿನಲ್ಲಿ ಒತ್ತಕ್ಷರ ಇದ್ದ ಸಾಲು ಸೊಟ್ಟಗಾಗುತ್ತದೆ. ಅದಕ್ಕೇ ನಾನು ನಿಟರ್ ಎಂಬ ಪ್ಯಾಕೇಜಿನಲ್ಲಿ ಟೇಬಲ್ಲು ಮಾಡಿಕೊಡುವ ಕೇಬಲ್ ಮೂಲಕ ವರ್ಡ್ ಫೈಲ್ ಮಾಡಿ ಪ್ರಿಂಟ್ ಕೊಡುತ್ತೇನೆ. ಅಲ್ಲೂ ಒಂದು ಕೆಲಸ ಇದೆ. ಮೊತ್ತದ ಕಾಲಂ ಈಗ ಪಠ್ಯ ಆದ್ದರಿಂದ ಎಡಕ್ಕೆ ಅಂಟಿಕೊಳ್ಳುತ್ತದೆ, ಅಲೈನ್‌ನಲ್ಲಿ ಬಲಕ್ಕೆ ಅಂತ ನೀವೇ ಹೇಳಬೇಕು.