ಪಾಯಿಂಟಿಗೆ ಎಷ್ಟು ಪೈಸೆ?

ಕ್ರೆಡಿಟ್ ಕಾರ್ಡಿನಲ್ಲಿ ಕೂಡಿದ ರಿವಾರ್ಡ್ ಪಾಯಿಂಟುಗಳನ್ನು ನಾನು ಬಹುಕಾಲ ಮಿಕ್ಸಿ, ಗಿಫ್ಟ್ ವೋಚರುಗಳಲ್ಲೇ ಕರಗಿಸುತ್ತಿದ್ದೆ. ಆಗ ಒಂದು ಪಾಯಿಂಟಿಗೆ ದಕ್ಕುತ್ತಿದ್ದುದು ಹೆಚ್ಚೆಂದರೆ ನಾಲ್ಕಾಣೆ. ಈಗ ಅವನ್ನು ಮೈಲುಗಳಾಗಿ, ಅಂದರೆ ವಿಮಾನಯಾನ ಸಂಸ್ಥೆಗಳ ಪಾಯಿಂಟುಗಳಾಗಿ, ಬದಲಿಸಿ ವಿಮಾನದ ಟಿಕೆಟ್ ಬುಕ್ ಮಾಡುವ ಮೊದಲು ಹಾಳೆಯ ಮೇಲೊಂದು ಭಾಗಾಕಾರ ಮಾಡುತ್ತೇನೆ: ತೆರಿಗೆ ಸೇರಿದ ಪೂರ್ಣ ದರದಿಂದ, ಮೈಲುಗಳ ಟಿಕೆಟ್ಟಿಗೂ ಕೈಯಿಂದ ಕಟ್ಟಬೇಕಾದ ತೆರಿಗೆ ಮತ್ತು ಸರ್‌ಚಾರ್ಜುಗಳನ್ನು ಕಳೆದು, ಉಳಿದ ಮೊತ್ತವನ್ನು ಬೇಕಾಗುವ ಮೈಲುಗಳಿಂದ ಭಾಗಿಸುವುದು.

ಹೋಟೆಲುಗಳಲ್ಲಿ ಈ ಲೆಕ್ಕ ಇನ್ನೂ ಸ್ವಾರಸ್ಯಕರವಾಗಿದೆ. ಮ್ಯಾರಿಯಟ್ ಹೋಟೆಲುಗಳ ಪಾಯಿಂಟ್ ಯೋಜನೆಯಾದ ಮ್ಯಾರಿಯಟ್ ಬಾನ್ವಾಯ್‌ನಲ್ಲಿ ಸತತ ಐದು ರಾತ್ರಿಗಳನ್ನು ಪೂರ್ತಿಯಾಗಿ ಪಾಯಿಂಟುಗಳಿಂದಲೇ ಕಾದಿರಿಸಿದರೆ, ಅವುಗಳಲ್ಲಿ ಅತಿ ಕಡಿಮೆ ಪಾಯಿಂಟಿನ ಒಂದು ರಾತ್ರಿ ಉಚಿತ. ರಾತ್ರಿಗೆ 15,000ದಂತೆ 75,000 ಆಗಬೇಕಾದದ್ದು 60,000ಕ್ಕೆ ಮುಗಿಯುತ್ತದೆ. ಅದೇ ಕೋಣೆಗೆ ತೆರಿಗೆ ಸೇರಿ ದಿನಕ್ಕೆ 9,000 ರೂಪಾಯಿ ಇದ್ದರೆ ಪಾಯಿಂಟಿಗೆ 75 ಪೈಸೆ ಬಿದ್ದಂತಾಯಿತು. ನಾಲ್ಕೇ ದಿನದ ರಜೆಯಿದ್ದವರಿಗೆ ಈ ಲಾಭವಿಲ್ಲ ಎಂಬುದು ಬೇರೆ ಮಾತು. ಅದೇ 60,000 ಪಾಯಿಂಟುಗಳನ್ನು ಹಲವು ವಿಮಾನಯಾನ ಸಂಸ್ಥೆಗಳಿಗೆ ವರ್ಗಾಯಿಸಿದರೆ, ಮೂರಕ್ಕೆ ಒಂದರಂತೆ 20,000 ಮೈಲುಗಳೂ ಮೇಲೆ 5,000 ಬೋನಸ್ಸೂ ಸಿಗುತ್ತವೆ. ನನ್ನ ಮಟ್ಟಿಗೆ, ದುಬಾರಿ ಬಿಸಿನೆಸ್ ಕ್ಲಾಸ್ ಸೀಟು ಕಣ್ಣೆದುರು ಖಾಲಿಯಿದ್ದಾಗ ಮಾತ್ರ ಅದು ಲಾಭದಾಯಕ.

ಕಣ್ಣೆದುರು ಎಂದು ಒತ್ತಿ ಹೇಳಲು ಕಾರಣವಿದೆ. ಒಮ್ಮೆ ನಾನು ಸೀಟು ನೋಡುವ ಮೊದಲೇ ಪಾಯಿಂಟುಗಳನ್ನು ವರ್ಗಾಯಿಸಿಬಿಟ್ಟೆ. ಮೈಲುಗಳು ಖಾತೆಗೆ ಸೇರಲು ಮೂರು ದಿನ ಹಿಡಿಯಿತು. ಸೇರಿದ ಮೇಲೆ ಹುಡುಕಿದರೆ ದಸರೆಯ ಆ ವಾರದಲ್ಲಿ ಮೈಲುಗಳಿಗೆ ಕೊಡುವ ಒಂದು ಸೀಟೂ ಉಳಿದಿರಲಿಲ್ಲ. ಅವನ್ನು ಹಿಂದಕ್ಕೆ ತರಲು ದಾರಿಯಿರಲಿಲ್ಲವಾದ್ದರಿಂದ, ಅವಧಿ ತೀರುವ ಮುನ್ನ ಮುಂಬಯಿಗೆ ಹೋಗಿಬರುವ ಟಿಕೆಟ್ಟಿಗೆ ಖರ್ಚು ಮಾಡಿದೆ.