ಹೊರಗೇ ಬಿಟ್ಟರೆ ಪಾಠ ಯಾವಾಗ ಮಾಡ್ತೀರಿ ಮೇಡಂ?

ಪೋಷಕರ ಸಭೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. "ದಿನಾ ಮಕ್ಕಳನ್ನ ಅಂಗಳಕ್ಕೆ ಕರ್ಕೊಂಡು ಹೋಗ್ತೀರಂತೆ. ಪಾಠ ಯಾವಾಗ ಮಾಡ್ತೀರಿ ಮೇಡಂ?" ಕೇಳುವವರಲ್ಲಿ ಸಿಟ್ಟಿಲ್ಲ, ಆತಂಕ ಇದೆ. ನೋಟ್‌ಬುಕ್ ತುಂಬಿದ್ದರೆ ಮಗು ಕಲಿತದ್ದು ಕಣ್ಣಿಗೆ ಕಾಣುತ್ತದೆ. ಅಂಗಿಗೆ ಮೆತ್ತಿದ ಕೆಮ್ಮಣ್ಣಿನಲ್ಲಿ ಏನು ಕಾಣಬೇಕು? ಸಭೆಯಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸಲು ನನಗೆ ಆಗಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಶಾಲೆ ಇರುವುದು ಬೆಂಗಳೂರಿನ ಅಂಚಿನಲ್ಲಿ. ಅಂಗಳ ದೊಡ್ಡದೇನಲ್ಲ. ಒಂದು ಹೊಂಗೆ ಮರ, ಪಕ್ಕದಲ್ಲಿ ಒಂದಿಷ್ಟು ಬಯಲು. ಒಂದು ಫೆಬ್ರವರಿಯಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳ ಜೊತೆ ಅಲ್ಲಿ 1 ಮೀಟರ್ ಎತ್ತರದ ಕೋಲು ನೆಟ್ಟೆ. ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ನೆರಳಿನ ತುದಿಗೆ ಕಲ್ಲಿಟ್ಟೆವು. ನೆರಳು ಉತ್ತರಕ್ಕೆ, ಗೇಟಿನ ಕಡೆ, ಸುಮಾರು ಅರ್ಧ ಮೀಟರ್ ಬಿದ್ದಿತ್ತು. ಬರೆದುಕೊಂಡೆವು. ಮಾರ್ಚ್‌ನಲ್ಲಿ ಚಿಕ್ಕದಾಯಿತು. ಆಮೇಲೆ ಬೇಸಿಗೆ ರಜೆ.

ಮಕ್ಕಳು ಐದನೇ ಕ್ಲಾಸಿಗೆ ಬಂದರು. ಜೂನ್ ಕೊನೆಗೆ, ಮೋಡ ಸರಿದ ಒಂದು ಮಧ್ಯಾಹ್ನ ಮತ್ತೆ ಕೋಲಿನ ಹತ್ತಿರ ಹೋದೆವು. "ಮಿಸ್, ನೆರಳು ಉಲ್ಟಾ ಬಿದ್ದಿದೆ!" ಅಂತ ಒಬ್ಬಳು ಕೂಗಿದಳು. ಹೌದು, 18 ಸೆಂಟಿಮೀಟರಿನ ಪುಟ್ಟ ನೆರಳು ಗೇಟಿಗೆ ಬೆನ್ನು ಮಾಡಿ ದಕ್ಷಿಣಕ್ಕೆ ಬಿದ್ದಿತ್ತು.

ಕಾರಣ ನನಗೆ ಗೊತ್ತಿತ್ತು. ನಾಲಿಗೆ ತುದಿಯಲ್ಲೇ ಇತ್ತು. ತಡೆದುಕೊಂಡೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ ಅನಿಸುತ್ತದೆ. ಯಾರೋ ಕೋಲು ಕಿತ್ತು ಬೇರೆ ಕಡೆ ನೆಟ್ಟಿದ್ದಾರೆ ಅಂತ ಒಬ್ಬ. ಮಳೆಗೆ ಕೋಲು ವಾಲಿದೆ ಅಂತ ಇನ್ನೊಬ್ಬ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿದರು. ಕೋಲು ನೆಟ್ಟಗೇ ಇತ್ತು. ಮಾರನೆಯ ದಿನವೂ ಜಗಳ, ಅದರ ಮಾರನೆಯ ದಿನವೂ. ಕೊನೆಗೆ ಅದೇ ಹುಡುಗಿ ನೆರಳಿಗೆ ಬೆನ್ನು ಮಾಡಿ ನಿಂತು ತಲೆಯೆತ್ತಿದಳು. "ಸೂರ್ಯ ನಮ್ಮನ್ನ ದಾಟಿ ಆ ಕಡೆ ಹೋಗಿಬಿಟ್ಟಿದಾನೆ ಮಿಸ್." ಸ್ವಲ್ಪ ಹೊತ್ತು ಬಿಟ್ಟು, "ವಾಪಸ್ ಬರುವಾಗ ನಮ್ಮ ತಲೆ ಮೇಲೇ ಬರಬೇಕು, ಅಲ್ವಾ?"

ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯ ಇಪ್ಪತ್ತಮೂರೂವರೆ ಡಿಗ್ರಿಯವರೆಗೆ ಹೋಗಿ ಬರುತ್ತಾನೆ. ಹಾಗಾಗಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಬೋರ್ಡಿನ ಮೇಲೆ ಇಷ್ಟು ಬರೆಯಲು ಐದು ನಿಮಿಷ ಸಾಕಿತ್ತು. ಆದರೆ ಆಗ ಪ್ರಶ್ನೆ ನನ್ನದು, ಉತ್ತರವೂ ನನ್ನದು. ಮಕ್ಕಳ ಪಾಲಿಗೆ ಉಳಿಯುವುದು ಬರೀ ಕಾಪಿ ಮಾಡುವ ಕೆಲಸ. ಅಂಗಳದಲ್ಲಿ ಪ್ರಶ್ನೆ ಅವರಿಗೇ ಹುಟ್ಟಿತು. ಪಾಠ ಯಾವಾಗ ಮಾಡ್ತೀರಿ ಅಂದರೆ, ನಾನು ತೋರಿಸಬಹುದಾದದ್ದು ಆ ಮೂರು ದಿನದ ಜಗಳವನ್ನು.

ಇನ್ನು ಆಟ. ಅದನ್ನೂ ಪಾಠ ಮಾಡಿಬಿಡುವ ಆಸೆ ದೊಡ್ಡವರಿಗೆ ಜಾಸ್ತಿ. ಲಗೋರಿ ಕಲ್ಲು ಎಣಿಸಿ ಗಣಿತ, ಕುಂಟೆಬಿಲ್ಲೆಯ ಮನೆ ತೋರಿಸಿ ಚೌಕ, ಆಯತ. ದಯವಿಟ್ಟು ಬೇಡ. ಆಟ ಸುಮ್ನೆ ಆಟವಾಗಿಯೇ ಇರಲಿ. ಹೊಂಗೆ ಮರದ ಕೆಳಗೆ ಲಗೋರಿ ಆಡುವಾಗ ನಾನು ದೂರದಲ್ಲಿ ಕೂತಿರುತ್ತೇನೆ. ಚೆಂಡು ತಾಗಿತು, ತಾಗಿಲ್ಲ ಅಂತ ಎಷ್ಟೋ ಸಲ ಅರ್ಧ ಪೀರಿಯಡ್ಡೇ ಹೋಗುತ್ತದೆ. ಒಂದನೇ ಕ್ಲಾಸಿನ ಒಂದು ಮಗು ದಿನಾ ಬಂದು ನಿಲ್ಲುತ್ತಿತ್ತು. ಓಡಲು ಬರದು, ಆದರೆ ಬಿಟ್ಟರೆ ಅಳುತ್ತದೆ. "ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅಂತ ಸೇರಿಸಿಕೊಂಡರು. ನಾವೆಲ್ಲ ಚಿಕ್ಕವರಿದ್ದಾಗ ಹೇಳುತ್ತಿದ್ದ ಮಾತೇ. ಯಾರೂ ಹೇಳಿಕೊಡದೆ ಮಕ್ಕಳಿಂದ ಮಕ್ಕಳಿಗೆ ಬಂದ ನಿಯಮ ಅದು. ಎರಡು ತಿಂಗಳಾದ ಮೇಲೆ ಅವನೇ ಎದೆಯುಬ್ಬಿಸಿ "ಇವತ್ತಿಂದ ನಾನೂ ಲೆಕ್ಕಕ್ಕುಂಟು" ಅಂದ. ಎಲ್ಲರೂ ಒಪ್ಪಿದರು. ಆ ನಿರ್ಧಾರ ತೆಗೆದುಕೊಳ್ಳಲು ಅವರಿಗೆ ನನ್ನ ಸಹಾಯ ಬೇಕಾಗಲಿಲ್ಲ.

ಕಣ್ಣಿನ ವಿಷಯವನ್ನೂ ಹೇಳಬೇಕು. ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೆಚ್ಚಾಗಿ ಮಕ್ಕಳನ್ನು ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಅಲ್ಲಿ ಶೇ. 30.4 ಮಕ್ಕಳಿಗೆ ಸಮೀಪದೃಷ್ಟಿ ಬಂತು. ಉಳಿದ ಶಾಲೆಗಳಲ್ಲಿ ಶೇ. 39.5. ಕನ್ನಡಕ ಬರುವುದು ಪೂರ್ತಿ ನಿಲ್ಲಲಿಲ್ಲ, ಕಮ್ಮಿಯಾಯಿತು. ದಿನಕ್ಕೆ ಒಂದು ಪೀರಿಯಡ್ ಬಿಸಿಲಿಗೆ ಇಷ್ಟು ಶಕ್ತಿ ಇದ್ದರೆ ನನಗೆ ಅದು ದೊಡ್ಡದೇ.

ಬೀಳುತ್ತಾರೆ, ಮಂಡಿ ತರಚಿಕೊಳ್ಳುತ್ತಾರೆ. ತೊಳೆದು ಔಷಧಿ ಹಚ್ಚುತ್ತೇವೆ. ಹುಲ್ಲು ಬೆಳೆದ ಕಡೆ, ತರಗೆಲೆಯ ರಾಶಿಯ ಕಡೆ ಮೊದಲು ನಾನೇ ಹೋಗಿ ನೋಡಿ ಬರುತ್ತೇನೆ. ಆ ಎಚ್ಚರಿಕೆ ನನ್ನ ಜವಾಬ್ದಾರಿ. ಅದರಲ್ಲಿ ಪೋಷಕರು ನನ್ನನ್ನು ಎಷ್ಟು ಬೇಕಾದರೂ ಪ್ರಶ್ನೆ ಮಾಡಲಿ.

ಆ ವರ್ಷದ ಆಗಸ್ಟ್ 18ರಂದು ಇಡೀ ದಿನ ಮೋಡ. ಮಕ್ಕಳು ಅರ್ಧ ಗಂಟೆ ಕೋಲಿನ ಸುತ್ತ ನಿಂತು, ಮುಖ ಸಣ್ಣ ಮಾಡಿಕೊಂಡು ಒಳಗೆ ಬಂದರು. ಮರುದಿನ ಹನ್ನೆರಡು ದಾಟಿದ ಮೇಲೆ ಬಿಸಿಲು ಬಂತು. ಊಟದ ಡಬ್ಬಿ ತೆರೆದದ್ದು ತೆರೆದಂತೆಯೇ ಬಿಟ್ಟು ಓಡಿದರು. ಕೋಲಿನ ಬುಡದಲ್ಲಿ ಬಗ್ಗಿ ನೆರಳು ಹುಡುಕಿದರು. ಆಮೇಲೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಕಾಲ ಕೆಳಗೆ ನೋಡಿಕೊಂಡರು.