ನೇಪಾಳಕ್ಕೆ ಯಾವುದರಲ್ಲಿ ಹೋದ್ರೆ ಕಡಿಮೆ?

ಮದುವೆ ಊಟದ ಪಂಕ್ತಿಯಲ್ಲಿ ಕೇಳ್ತಾರೆ, ದುಗ್ಗಮ್ಮನ ಗುಡಿಯ ಸಾಲಿನಲ್ಲಿ ಕೇಳ್ತಾರೆ, ರಾಂ ಅಂಡ್ ಕೋ ಸರ್ಕಲ್‌ನಲ್ಲಿ ಸ್ಕೂಟರ್ ನಿಲ್ಲಿಸಿ ಕೇಳ್ತಾರೆ. “ಅಕ್ಕಾರೆ, ನೇಪಾಳಕ್ಕೆ ಯಾವುದರಲ್ಲಿ ಹೋದ್ರೆ ಕಡಿಮೆ? ರೈಲು ಬಿಟ್ಟಾರಂತಲ್ಲ?” ಕಠ್ಮಂಡುವಿಗೆ ನಾನು ನೆಲದ ಮೇಲೂ ಹೋಗಿ ಬಂದವಳು, ವಿಮಾನದಲ್ಲೂ ಹೋಗಿ ಬಂದವಳು. ಅದಕ್ಕೇ ದಾವಣಗೆರೆಯಲ್ಲಿ ಪಶುಪತಿನಾಥನ ದರ್ಶನ ಅಂದುಕೊಂಡವರೆಲ್ಲ ನನ್ನನ್ನು ಹುಡುಕುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ಟಿಕೆಟ್ಟಿನ ದುಡ್ಡು ಮಾತ್ರ ಲೆಕ್ಕ ಹಾಕಿದರೆ ರೈಲು, ಬಸ್ಸೇ ಕಡಿಮೆ. ಆದರೆ ಕಠ್ಮಂಡುವಿಗೆ ರೈಲಿಲ್ಲ. 2022ರ ಏಪ್ರಿಲ್‌ನಲ್ಲಿ ಶುರುವಾದದ್ದು ಬಿಹಾರದ ಜಯನಗರದಿಂದ ಜನಕಪುರದ ಕಡೆ ಹೋಗುವ ರೈಲು. ಸೀತಮ್ಮನ ತವರು ನೋಡಬೇಕಾದರೆ ಅದು ಸರಿ. ಜನಕಪುರ ಇರುವುದು ಬಯಲುಸೀಮೆಯಲ್ಲಿ, ಕಠ್ಮಂಡು ಬೆಟ್ಟಗಳ ಆಚೆ. ಪಶುಪತಿನಾಥನಿಗೆ ಹೋಗುವವರು ಯಶವಂತಪುರದಿಂದ ಉತ್ತರ ಪ್ರದೇಶದ ಗೋರಖಪುರದ ರೈಲು ಹಿಡಿದು ಎರಡು ರಾತ್ರಿ ಕಳೆಯಬೇಕು. ಅದು ದಿನಾ ಇಲ್ಲ, ವಾರ ನೋಡಿಕೊಳ್ಳಬೇಕು. ಗೋರಖಪುರದಿಂದ ಸುಮಾರು ನೂರು ಕಿಲೋಮೀಟರ್ ಬಸ್ಸಿನಲ್ಲಿ ಸೊನೌಲಿ, ಅಲ್ಲಿ ನಡೆದೇ ಗಡಿ ದಾಟಿ ಆ ಕಡೆಯ ಬಸ್ಸು. ದಾರಿಯಲ್ಲಿ ಗೋರಖನಾಥ ಮಠ ಸಿಗುತ್ತದೆ, ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಬುದ್ಧ ಹುಟ್ಟಿದ ಲುಂಬಿನಿ. ಮೈಯಲ್ಲಿ ಶಕ್ತಿ, ಕೈಯಲ್ಲಿ ರಜೆ ಎರಡೂ ಇರುವವರಿಗೆ ನಾನು ಈ ದಾರಿಯನ್ನೇ ಹೇಳುತ್ತೇನೆ.

ಆದರೆ ಸೊನೌಲಿಯಿಂದ ಕಠ್ಮಂಡು ಹೆಚ್ಚುಕಡಿಮೆ ದಾವಣಗೆರೆಯಿಂದ ಬೆಂಗಳೂರಿನಷ್ಟೇ ದೂರ ಅಂದ ಕೂಡಲೇ, “ಅಷ್ಟೇನಾ? ಐದು ತಾಸು” ಅಂತಾರೆ. ಐದು ತಾಸಲ್ಲ, ಇಡೀ ಹಗಲು ಬೇಕು. ನಮ್ಮ ಹೈವೇ ಅಲ್ಲ ಅದು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತ್ರಿಶೂಲಿ ನದಿ. 2024ರ ಜುಲೈನಲ್ಲಿ ಅದೇ ರಸ್ತೆಯಲ್ಲಿ ನಸುಕಿನಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ಅರವತ್ತಕ್ಕೂ ಹೆಚ್ಚು ಜನರ ಸಮೇತ ನದಿಗೆ ಹೋದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ರಾತ್ರಿ ಬಸ್ಸು ಹತ್ತಬೇಡಿ. ಟಿಕೆಟ್ ಎಷ್ಟೇ ಕಡಿಮೆ ಇರಲಿ, ಬೇಡ.

ಇನ್ನು ವಿಮಾನ. ನಮ್ಮೂರಲ್ಲಿ ವಿಮಾನ ನಿಲ್ದಾಣವಿಲ್ಲ. ಹುಬ್ಬಳ್ಳಿ, ಶಿವಮೊಗ್ಗದಿಂದ ದೇಶದೊಳಗಿನ ವಿಮಾನ ಮಾತ್ರ. ಅಂದಮೇಲೆ ಬೆಂಗಳೂರಿಗೇ ಹೋಗಬೇಕು, ಅಲ್ಲಿಂದ ನೇರ ವಿಮಾನ ಸಿಗದಿದ್ದರೆ ದೆಹಲಿ ಮೇಲೆ ಕಠ್ಮಂಡು. ದುಡ್ಡು ಹೆಚ್ಚು, ಮೈಗೆ ಹಗುರ.

ಇಷ್ಟು ಹೇಳಿದರೆ ಕೇಳಿದವರು ಎದ್ದು ಹೋಗುತ್ತಾರೆ. ಹೋಗುವವರು ಯಾರು, ವಯಸ್ಸೆಷ್ಟು, ಕೈಯಲ್ಲಿ ಯಾವ ಕಾರ್ಡಿದೆ ಅಂತ ಒಬ್ಬರೂ ಹೇಳುವುದಿಲ್ಲ. ಎಪಿಎಂಸಿಯಿಂದ ಮೆಕ್ಕೆಜೋಳದ ಲೋಡು ಕಳಿಸುವವರ ಹಾಗೆ ಬಾಡಿಗೆ ಒಂದನ್ನೇ ಕೇಳುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕೇರಿಯ ಮೇಷ್ಟ್ರು ಮತ್ತು ಅವರ ಮನೆಯವರು ನಾನು ಹೋದ ಗುಂಪಿನಲ್ಲೇ ಇದ್ದರು. ಮೇಷ್ಟ್ರಿಗೆ ಅರವತ್ತೆಂಟು, ಅವರ ಹೆಂಡತಿ ಅಕ್ಕಾರಿಗೆ ಅರವತ್ತೊಂದು. ಗುಂಪು ಕಟ್ಟಿದ ಟೂರಿನವನು ಎಲ್ಲರಿಗೂ “ನೇಪಾಳಕ್ಕೆ ವೀಸಾ ಬೇಡ, ಆಧಾರ್ ಇದ್ರೆ ಸಾಕು” ಅಂದಿದ್ದ. ವೀಸಾ ಬೇಡ ಅನ್ನುವುದು ನಿಜ. 1950ರ ಒಪ್ಪಂದದ ಕಾಲದಿಂದಲೂ ನಮಗೂ ಅವರಿಗೂ ಗಡಿ ತೆರೆದೇ ಇದೆ. ಆದರೆ ವಿಮಾನ ಹತ್ತಲು ಪಾಸ್‌ಪೋರ್ಟ್ ಬೇಕು, ಇಲ್ಲವೇ ಚುನಾವಣಾ ಆಯೋಗದ ವೋಟರ್ ಕಾರ್ಡ್ ಬೇಕು. ಆಧಾರ್ ನಡೆಯುವುದು ಅರವತ್ತೈದು ದಾಟಿದವರಿಗೆ ಮತ್ತು ಹದಿನೈದರೊಳಗಿನ ಮಕ್ಕಳಿಗೆ.

ದೆಹಲಿಯ ಕೌಂಟರಿನಲ್ಲಿ ಮೇಷ್ಟ್ರ ಆಧಾರ್ ನೋಡಿ ಹೂಂ ಅಂದರು. ಅಕ್ಕಾರ ಆಧಾರ್ ನೋಡಿ ಆಗಲ್ಲ ಅಂದರು. ವೋಟರ್ ಕಾರ್ಡು ವಿದ್ಯಾನಗರದ ಮನೆಯ ಬೀರುವಿನಲ್ಲಿತ್ತು. ಮಗ ಫೋಟೋ ತೆಗೆದು ವಾಟ್ಸಾಪ್‌ಗೆ ಕಳಿಸಿದ, ಫೋನಿನಲ್ಲಿರುವುದು ನಡೆಯಲ್ಲ ಅಂದರು. “ನೀವು ಹೋಗಿ ಬರ್ರಿ, ನನ್ನ ಹೆಸರಲ್ಲೂ ಒಂದು ಕೈ ಮುಗೀರಿ” ಅಂತ ಅಕ್ಕಾರು ಗಂಡನಿಗೆ ಹೇಳುತ್ತಿದ್ದರು, ಅಳಲಿಲ್ಲ. ಮೇಷ್ಟ್ರು ಟ್ರಾಲಿಯಿಂದ ಎರಡೂ ಬ್ಯಾಗು ಕೆಳಗಿಳಿಸಿ, “ಒಬ್ಬನೇ ಹೋಗಿ ಏನ್ ಮಾಡ್ಲಿ, ನಡೀ” ಅಂದರು. ನಿಜಾಮುದ್ದೀನಿನಿಂದ ಸಂಪರ್ಕ ಕ್ರಾಂತಿ ಹತ್ತಿ ಇಬ್ಬರೂ ಊರಿಗೆ ವಾಪಸಾದರು. ಆ ಟೂರಿನವನು ದುಡ್ಡು ವಾಪಸ್ ಕೊಡಲಿಲ್ಲ, ಸಾರಿ ಅನ್ನುವಷ್ಟು ಸೌಜನ್ಯವನ್ನೂ ತೋರಿಸಲಿಲ್ಲ.

ಊರಿಗೆ ಬಂದ ಮೇಲೆ ಕೇರಿಯವರ ಮಾತು: “ವಿಮಾನಕ್ಕೆ ಯಾಕೆ ಹೋದ್ರು? ರೈಲಲ್ಲಿ ಹೋಗಿದ್ರೆ ಯಾರೂ ಕೇಳ್ತಿರಲಿಲ್ಲ.” ಸೊನೌಲಿಯಲ್ಲಿ ಪ್ರತಿಯೊಬ್ಬರನ್ನೂ ನಿಲ್ಲಿಸಿ ಕೇಳುವುದಿಲ್ಲ, ಒಪ್ಪುತ್ತೇನೆ. ಆದರೆ ಕಠ್ಮಂಡುವಿನಲ್ಲಿ ಆರೋಗ್ಯ ಕೆಟ್ಟು, ವಾಪಸ್ ಬರಲು ಬಸ್ಸು ಆಗದು ವಿಮಾನವೇ ಬೇಕು ಅಂದರೆ ಏನು ಮಾಡುತ್ತೀರಿ? ಅಲ್ಲಿ ಕೇಳುವುದು ಅದೇ ಕಾರ್ಡು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಮಳೆಗೆ ಕಠ್ಮಂಡುವಿನ ರಸ್ತೆಗಳು ಮುಚ್ಚಿದವು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಗಲಭೆಯಾಗಿ ವಿಮಾನ ನಿಲ್ದಾಣವೇ ಮುಚ್ಚಿತು. ಬಸ್ಸಿಗೆ ಹೋದವರು ವಿಮಾನಕ್ಕೂ, ವಿಮಾನಕ್ಕೆ ಹೋದವರು ಬಸ್ಸಿಗೂ ತಯಾರಿರಬೇಕು.

ನನ್ನನ್ನು ಹೀಗೆ ಕೇಳಿ: “ನಮ್ಮವ್ವನಿಗೆ ಎಪ್ಪತ್ತು, ಮೊಣಕಾಲು ನೋವು, ಶುಗರ್ ಇದೆ, ಮುಕ್ತಿನಾಥಕ್ಕೂ ಹೋಗ್ಬೇಕಂತಾಳೆ. ಹೆಂಗ್ ಕರ್ಕೊಂಡು ಹೋಗ್ಲಿ?” ಇಂಥದ್ದಕ್ಕಾದರೆ ನಾನು ಗಂಟೆಗಟ್ಟಲೆ ಕೂತು ಹೇಳುತ್ತೇನೆ. ಅವ್ವನಿಗೆ ವಿಮಾನವೇ ಸರಿ, ದೆಹಲಿ ಮೇಲೆ ಹೋಗುವುದಾದರೆ ಅಲ್ಲಿ ಒಂದು ರಾತ್ರಿ ಮಲಗಿಸಿ. ಬೆಟ್ಟದ ರಸ್ತೆಯಲ್ಲಿ ಹೆಂಗಸರಿಗೆ ಬೇಕಾದ ಕಡೆ ಬಸ್ಸು ನಿಲ್ಲಿಸುವುದಿಲ್ಲ, ಅದಕ್ಕೆ ಹೆದರಿ ಅವರು ನೀರೇ ಕುಡಿಯುವುದಿಲ್ಲ. ಇದನ್ನು ಯಾವ ಗಂಡಸೂ ನನ್ನ ಹತ್ತಿರ ಕೇಳಿಲ್ಲ. ಮುಕ್ತಿನಾಥ 3,700 ಮೀಟರಿಗೂ ಮೇಲಿದೆ, ಹೊರಡುವ ಮುಂಚೆ ಡಾಕ್ಟರಿಗೆ ತೋರಿಸಿ. ಪೊಖರಾದಿಂದ ಮುಕ್ತಿನಾಥದ ದಾರಿಯಲ್ಲಿರುವ ಜೋಮ್‌ಸೋಮ್‌ಗೆ ಹೋಗುವ ಸಣ್ಣ ವಿಮಾನ ಬೆಳಿಗ್ಗೆ ಮಾತ್ರ ಹಾರುತ್ತದೆ, ಹೊತ್ತೇರಿದರೆ ಅಲ್ಲಿ ಗಾಳಿ ಜೋರು. ಹಾಗಾಗಿ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರೇ, ಅವ್ವನಿಗೆ ಅದನ್ನು ಮೊದಲೇ ಹೇಳಿಡಿ, ಖುಷಿಯಾಗುತ್ತದೆ.

ಟಿಕೆಟ್ ಮಾಡಿಸುವ ಮುಂಚೆ ಎಲ್ಲರ ವೋಟರ್ ಕಾರ್ಡನ್ನೂ ಟೇಬಲ್ಲಿನ ಮೇಲೆ ಹರವಿ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಗಂಡನ ಹೆಸರು ಸೇರಿಸಿರುತ್ತಾರೆ. ಕಾರ್ಡಿನಲ್ಲಿ ಇರುವ ಹಾಗೆಯೇ ಟಿಕೆಟ್ಟಿನಲ್ಲಿ ಹೆಸರು ಬರಬೇಕು. ಕಾರ್ಡಿನಲ್ಲೇ ತಪ್ಪಿದ್ದರೆ ಫಾರಂ 8 ಕೊಟ್ಟು ಸರಿ ಮಾಡಿಸಿ, ಹೊಸ ಕಾರ್ಡು ಕೈಗೆ ಬಂದ ಮೇಲೆ ತಾರೀಕು ಗೊತ್ತು ಮಾಡಿ. ಯಾವುದರಲ್ಲಿ ಹೋದರೆ ಕಡಿಮೆ ಅನ್ನುವುದನ್ನು ಆಮೇಲೆ ನೋಡೋಣ.